ರೆಪ್ಪೆಯಿಲ್ಲದ ಕಣ್ಣು

ವರದೆ ಹುಟ್ಟುವುದು ಸಾಗರದ ಸೀಮೆಯಲ್ಲಿ. ಹತ್ತಿರದ ಕಡಲಿಗೆ ಬೆನ್ನು ಹಾಕಿ ಹಾವೇರಿಯ ಬಯಲಿಗೆ ನಡೆದು ಬರುತ್ತಾಳೆ. ಹಾವೇರಿಯ ಹೊಸ ಹಣ ಕಡಲ ದಂಡೆಯಲ್ಲಿ ವಿಹಾರದ ಮನೆ ಕಟ್ಟಲು ಅವಳಿಗೆ ಎದುರಾಗಿ ಘಟ್ಟ ಇಳಿಯುತ್ತದೆ.

ಬ್ಯಾಡಗಿಗೆ ಬಿಸಿಲೇ ಬಂಡವಾಳ. ಕಣದಲ್ಲಿ ಹರವಿದ ಮೆಣಸಿನಕಾಯಿಗೆ ಸುಕ್ಕೇ ಚೆಲುವು. ಕುಮಟೆಯ ದಂಡೆಯ ವಿಹಾರದ ಮನೆ ಅದೇ ಬಿಸಿಲಿಗೆ ಗೋಡೆಯುದ್ದ ಗಾಜು ಹಾಕಿಸಿ, ಮಧ್ಯಾಹ್ನದ ಹೊತ್ತಿಗೆ ಪರದೆ ಎಳೆಯುತ್ತದೆ.

ನೋಟಕ್ಕೆಂದು ಕಟ್ಟಿದ ಮನೆಗೆ ಕಣ್ಣು ದೊಡ್ಡದು, ರೆಪ್ಪೆ ಇಲ್ಲ.

ಮಣ್ಣಿನ ಮಾಳಿಗೆ ಬಿಸಿಲನ್ನು ಹೊರುತ್ತದೆ. ಹಂಚಿನ ಮಾಡು ಮಳೆಯನ್ನು ಜಾರಿಸುತ್ತದೆ. ಒಂದರದು ತಾಳ್ಮೆ, ಇನ್ನೊಂದರದು ಜಾಣತನ. ದಂಡೆಯ ಚಪ್ಪಟೆ ಕಾಂಕ್ರೀಟಿಗೆ ಇರುವುದು ಗುತ್ತಿಗೆದಾರನ ಭರವಸೆ.

ಬಯಲುಸೀಮೆಯ ಹಳೇ ಮಾಳಿಗೆಯ ಮೇಲೆ ಕರಲು ಮಣ್ಣು ಹಾಸುತ್ತಿದ್ದರು. ಉಪ್ಪುಂಡ ಆ ಮಣ್ಣು ನೆನೆದರೆ ಬಿಗಿಯುತ್ತದೆ, ಹನಿಗೂ ದಾರಿ ಬಿಡದು. ಕಾರವಾರದಲ್ಲಿ ಉಪ್ಪು ಗಾಳಿಯ ಬೆನ್ನೇರಿ ಬರುತ್ತದೆ. ಕಾಂಕ್ರೀಟಿನ ಒಳಗಿನ ಕಬ್ಬಿಣವನ್ನು ಸದ್ದಿಲ್ಲದೆ ಮುಟ್ಟುತ್ತದೆ. ತುಕ್ಕು ಉಬ್ಬುತ್ತದೆ, ಕಂಬ ಒಳಗಿನಿಂದ ಸೀಳುತ್ತದೆ. ಕರೆದು ತಂದದ್ದು ಕಾಯಿತು, ಕರೆಯದೆ ಬಂದದ್ದು ಕೊರೆಯಿತು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಪರದೇಶಿಯ ಹಂಚು ಊರಿನ ಹೆಸರನ್ನೇ ಹೊತ್ತಿತು. ಹೊರಗಿನಿಂದ ಬಂದದ್ದಕ್ಕೆ ಮಳೆಯ ತಕರಾರಿಲ್ಲ. ತನ್ನನ್ನು ಕೇಳದೆ ಬಂದದ್ದಕ್ಕೆ ಇದೆ.

ಶ್ರೀಲಂಕಾದ ಜೆಫ್ರಿ ಬಾವಾ ವಾಸ್ತುಶಿಲ್ಪ ಕಲಿತದ್ದು ಲಂಡನ್ನಿನಲ್ಲಿ. ಊರಿಗೆ ಬಂದಮೇಲೆ ಹಂಚಿನ ಸೂರಿಗೂ ಒಳಂಗಳಕ್ಕೂ ಒಲಿದರು. ಅವರ ಎರಡನೇ ಗುರು ಮಳೆಗಾಲ. ಅವನು ಪ್ರಮಾಣಪತ್ರ ಕೊಡುವುದಿಲ್ಲ.

1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ನೆಲವನ್ನು ನಿಯಂತ್ರಣಕ್ಕೆ ತಂದಿತು. ಗೆರೆ ಕಾಗದದ ಮೇಲಿದೆ. ಕಡಲು ಅದನ್ನು ಪ್ರತಿ ಆಷಾಢದಲ್ಲಿ ತಿದ್ದುತ್ತದೆ.

ಹಗಲೆಲ್ಲ ಕಡಲಿನೊಡನೆ ಗುದ್ದಾಡಿದ ಮೀನುಗಾರ ಮನೆಗೆ ಬಂದು ಮತ್ತೆ ಕಡಲನ್ನೇ ನೋಡಲು ಕಿಟಕಿ ಇಡಿಸಿಯಾನೆ? ನಮ್ಮ ರಾಣೆಬೆನ್ನೂರಿನ ರೈತನೂ ಹೊಲ ಕಾಣಲಿ ಎಂದು ಗೋಡೆಗೆ ಗಾಜು ಹಾಕಿಸಿದ್ದು ಕಂಡಿಲ್ಲ. ದೃಶ್ಯ ಎಂಬುದು ದುಡಿಯದವನ ಬೆಳೆ.

ಬಿಡುವಿಗೆಂದು ಕಟ್ಟಿದ ಮನೆ ಒಡೆಯನಿಗೆ ಬಿಡುವು ಕೊಡದು. ಬಂದ ದಿನ ಪಂಪು, ಹೊರಟ ದಿನ ಬೀಗ.

ವರ್ಷಕ್ಕೆ ಹತ್ತು ದಿನ ಬರುವವನು ಒಡೆಯ. ಉಳಿದ ದಿನ ಕಿಟಕಿ ತೆರೆದು ಗಾಳಿಯಾಡಿಸುವವನು, ಸೋಫಾದ ಬೂಷ್ಟು ಒರೆಸುವವನು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಕೋಳಿಗರಿಯಿಂದ ಬೀಗದ ಕಣ್ಣು ಸವರುವವನು ಕಾವಲುಗಾರ. ಅವನು ಮಲಗುವುದು ಹಿತ್ತಲಿನ ಹಂಚಿನ ಕೋಣೆಯಲ್ಲಿ. ಅದು ಸೋರುವುದಿಲ್ಲ.