ಏಳರಲ್ಲಿ ಆರು

ಕಳೆದ ಆಷಾಢದಲ್ಲಿ ಅಕ್ಕನನ್ನು ತಪಾಸಣೆಗೆಂದು ಅರಸೀಕೆರೆಯಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದೆಯೆಂದು ಗೊತ್ತಾದಾಗ ಮೂವತ್ತೊಂದು ವರ್ಷ. ಮೊದಲ ಕೆಲವು ತಿಂಗಳು ಆಸ್ಪತ್ರೆಯಲ್ಲಿ ಕಿಮೋಥೆರಪಿ, ಆಮೇಲೆ ಎರಡು ವರ್ಷ ಮನೆಯಲ್ಲಿ ಮಾತ್ರೆ. ಅದೆಲ್ಲ ಮುಗಿದು ಒಂದು ವರ್ಷವಾಗಿತ್ತು. ರಕ್ತದ ವರದಿ ನೋಡಿದ ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ಹೊರಗೆ ಬಂದರೆ ಕಾರಿಡಾರಿನಲ್ಲಿ ನನ್ನ ಹಾಗೆಯೇ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಹುಡುಗಿ ಪ್ರಶ್ನಾವಳಿ ಹಿಡಿದು ಕೂತಿದ್ದಳು. "ಹತ್ತು ನಿಮಿಷ ಕೊಡ್ತೀರಾ ಮೇಡಂ?" ಎಂದು ಕೇಳಿದಳು. ಅಕ್ಕ ಕೂತಳು.

ಆ ಪ್ರಶ್ನಾವಳಿಯನ್ನು ನಾನು ಓದಿನಲ್ಲಿ ಕಂಡಿದ್ದೆ. ಕ್ಯಾನ್ಸರ್ ರೋಗಿಗಳ 'ಜೀವನದ ಗುಣಮಟ್ಟ' ಅಳೆಯಲು ಯುರೋಪಿನಲ್ಲಿ ರೂಪಿಸಿ, 1993ರಲ್ಲಿ ಪ್ರಕಟಿಸಿದ್ದು. ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಒಟ್ಟು 30 ಪ್ರಶ್ನೆಗಳು. ನಡೆದಾಡಲು ಕಷ್ಟವೇ, ನಿದ್ದೆ ಬರುತ್ತದೆಯೇ, ಸುಸ್ತಾಗುತ್ತದೆಯೇ, ನೆನಪು ಕೈಕೊಡುತ್ತದೆಯೇ, ಹಣದ ತೊಂದರೆಯಾಗಿದೆಯೇ ಎಂದೆಲ್ಲ ಕೇಳುತ್ತಾ ಹೋಗಿ, ಕೊನೆಯಲ್ಲಿ ಕಳೆದ ವಾರದ ನಿಮ್ಮ ಜೀವನದ ಗುಣಮಟ್ಟಕ್ಕೆ ಒಂದರಿಂದ ಏಳರೊಳಗೆ ಅಂಕ ಕೊಡಿ ಎನ್ನುತ್ತದೆ.

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಆರು ಹಾಕಮ್ಮ" ಅಂದಳು.

ನನಗೆ ಎದ್ದು ನಿಂತು 'ಇಲ್ಲ, ಅದು ಸರಿಯಲ್ಲ' ಅನ್ನಬೇಕೆನಿಸಿತು. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳಿಗೆ ಕೊಟ್ಟ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ನಮ್ಮ ಹಿತ್ತಲಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದಲೇ ಮೊದಲು ಸಿಕ್ಕಿದ ಔಷಧಿ ಅದು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಅದೇ ಔಷಧಿ ನರಗಳನ್ನೂ ಘಾಸಿ ಮಾಡುತ್ತದೆ. ಅಕ್ಕನ ಬೆರಳ ತುದಿಗಳಿಗೆ ಇನ್ನೂ ಜೋಮು. ಮಷೀನು ತುಳಿಯಬಲ್ಲಳು, ಆದರೆ ಹುಕ್ ಹಾಕಲು, ಸೀರೆಗೆ ಫಾಲ್ಸ್ ಹಚ್ಚಲು ಕೈ ಓಡುವುದಿಲ್ಲ. ಸೂಜಿಗೆ ದಾರ ಪೋಣಿಸಿಕೊಡುವುದು ಎಂಟು ವರ್ಷದ ಮಗಳು. ಮಧ್ಯಾಹ್ನ ಮೂರರ ಮೇಲೆ ಅವಳಿಗೆ ಕೂರಲು ಆಗುವುದಿಲ್ಲ. ಬೆರಳ ಜೋಮಿನ ಪ್ರಶ್ನೆ ಆ ಮೂವತ್ತರಲ್ಲಿ ಇರಲೇ ಇಲ್ಲ. ಅದಕ್ಕೆ ಬೇರೆ ಪಟ್ಟಿಯಿದೆ. ಹೀಗಿರುವಾಗ ಏಳರಲ್ಲಿ ಆರು ಹೇಗಾಯಿತು? ನಾನಾಗಿದ್ದರೆ ನಾಲ್ಕು ಹಾಕುತ್ತಿದ್ದೆ.

ನನ್ನ ಸಂಶೋಧನೆಯ ವಿಷಯವೂ ಹೆಚ್ಚುಕಡಿಮೆ ಇದೇ: ಮನುಷ್ಯರು ತಮ್ಮ ಬದುಕಿನ ಬಗ್ಗೆ ಹೇಳುವ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅಮರ್ತ್ಯ ಸೇನ್ ಇದಕ್ಕೆ ಕೊಡುವ ಉದಾಹರಣೆ ನನ್ನನ್ನು ಬಿಟ್ಟೂಬಿಡದೆ ಕಾಡಿದೆ. ಬಂಗಾಳದ ಮಹಾಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5ರಷ್ಟು ಮಂದಿ ತಮ್ಮ ಆರೋಗ್ಯ ಸರಿಯಿಲ್ಲ ಅಥವಾ ಅಷ್ಟಕ್ಕಷ್ಟೇ ಎಂದರು. ಹಾಗೆಂದ ವಿಧವೆಯರು ಶೇ. 2.5 ಮಾತ್ರ. ವಿಧವೆಯರು ಗಟ್ಟಿಮುಟ್ಟಾಗಿದ್ದರು ಎಂದಲ್ಲ. ನೋವನ್ನು ನೋವು ಎಂದು ಹೇಳಿಕೊಳ್ಳುವ ಹಕ್ಕು ತಮಗಿದೆ ಎಂದೇ ಅವರಿಗೆ ಯಾರೂ ಕಲಿಸಿರಲಿಲ್ಲ. ಇಲ್ಲದ್ದಕ್ಕೆ ಮನಸ್ಸು ಒಗ್ಗಿಕೊಂಡರೆ ದೂರು ತಾನಾಗಿ ನಿಂತುಹೋಗುತ್ತದೆ. ಅಕ್ಕನ ಆರು ಕೂಡ ಇಂಥದ್ದೇ ಎಂದು ನನ್ನ ಅನುಮಾನ.

ಆದರೆ ಇದಕ್ಕೆ ಎದುರಾಗಿ ಇನ್ನೊಂದು ನೆನಪಾಗುತ್ತದೆ. ಕಾಯಿಲೆಯ ಬಗ್ಗೆ ನಾವು ಕಟ್ಟುವ ರೂಪಕಗಳನ್ನು 1978ರಲ್ಲೇ ಪ್ರಶ್ನಿಸಿದ್ದ ಲೇಖಕಿ ಸೂಸನ್ ಸೊಂಟಾಗ್ 2004ರಲ್ಲಿ ತೀರಿಕೊಂಡದ್ದು ರಕ್ತದ ಕ್ಯಾನ್ಸರಿನಿಂದ. ಎಪ್ಪತ್ತು ದಾಟಿದ ಮೇಲೂ ಅವರು ಅಸ್ಥಿಮಜ್ಜೆಯ ಕಸಿಗೆ ಒಪ್ಪಿದರು, ಅದರ ಯಾತನೆಯನ್ನೆಲ್ಲ ಉಂಡರು. ನೆಮ್ಮದಿಗಾಗಿ ಆಯಸ್ಸನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ ಎಂಬುದನ್ನು ಮಗ ಡೇವಿಡ್ ರೀಫ್ 2008ರ ಪುಸ್ತಕದಲ್ಲಿ ಬರೆದಿದ್ದಾರೆ. ಹೊರಗಿನಿಂದ ನೋಡಿದವರು ಆ ಕೊನೆಯ ತಿಂಗಳುಗಳಿಗೆ ಏಳರಲ್ಲಿ ಒಂದು ಅಂಕ ಕೊಟ್ಟಾರು. ಆದರೆ ಬೇಕಾದದ್ದು ಏನೆಂದು ಅವರಿಗೆ ಗೊತ್ತಿತ್ತು. ಇನ್ನೊಬ್ಬರ ಬದುಕಿನ ಬೆಲೆಯನ್ನು ನಮ್ಮ ತಕ್ಕಡಿಯಲ್ಲಿ ತೂಗುವುದು ಅಹಂಕಾರವೇ. ಅಕ್ಕನ ಅಂಕದಿಂದ ಎರಡನ್ನು ಕಳೆಯಲು ನಾನು ಯಾರು?

ವಾಪಸು ಬರುವಾಗ ರೈಲು ತುಮಕೂರು ದಾಟಿದ ಮೇಲೆ ಕೇಳಿಯೇಬಿಟ್ಟೆ. "ಅದು ಹೇಗೆ ಆರು ಅಂದೆ ಅಕ್ಕ? ನಾನು ನಾಲ್ಕು ಅಂದ್ಕೊಂಡಿದ್ದೆ."

ಅವಳು ನಕ್ಕಳು. "ನೀನು ಕಾಯಿಲೆಗೆ ಮುಂಚೆ ಇದ್ದ ನನ್ನನ್ನ ಪಕ್ಕದಲ್ಲಿಟ್ಟು ನೋಡ್ತೀಯ ಕಣೇ. ನಾನು ಬಾಯಿ ತುಂಬ ಹುಣ್ಣಾಗಿ, ನೀರು ನುಂಗೋಕೂ ಆಗದೆ ಮಲಗಿದ್ನಲ್ಲ, ಅವಳನ್ನ ಪಕ್ಕದಲ್ಲಿಟ್ಟು ನೋಡ್ತೀನಿ. ಆರು ಸುಳ್ಳಲ್ಲ."

ಸ್ವಲ್ಪ ಹೊತ್ತು ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತ ಕೂತಿದ್ದವಳು ಮತ್ತೆ ಅಂದಳು: "ಆರು ಅಂದೆ ಅಂತ ನೀವೆಲ್ಲ ಸುಮ್ಮನಾಗಿಬಿಡಬೇಡಿ. ಹುಕ್ ಹಾಕೋಕೆ ಯಾರಾದ್ರೂ ಬೇಕು ನಂಗೆ."

ನಾನು ತಲೆ ತಗ್ಗಿಸಿದೆ. ಆ ಒಂದು ವರ್ಷ ನಾನು ಫೋನು ಮಾಡಿದಾಗಲೆಲ್ಲ "ಹೇಗಿದ್ದೀಯ?" ಎಂದು ಕೇಳುತ್ತಿದ್ದೆ. ಅವಳು "ಪರವಾಗಿಲ್ಲ ಕಣೇ" ಅನ್ನುತ್ತಿದ್ದಳು. ಎರಡು ನಿಮಿಷದಲ್ಲಿ ಫೋನಿಟ್ಟು ನಾನು ಪ್ರಬಂಧದ ಅಧ್ಯಾಯಕ್ಕೆ ಮರಳುತ್ತಿದ್ದೆ. ಅವಳ 'ಪರವಾಗಿಲ್ಲ' ನನಗೆ ರಜೆಯ ಚೀಟಿಯಾಗಿತ್ತು. ಸಿಂಗೂರಿನ ವಿಧವೆಯರ ಬಗ್ಗೆ ಪುಟಗಟ್ಟಲೆ ಬರೆದ ನಾನು ಅಕ್ಕನ ಕೈ ಹಿಡಿದು ಬೆರಳು ಹೇಗಿದೆ ಎಂದು ನೋಡಿರಲಿಲ್ಲ.

ಅಕ್ಕ ಬಿಡಿಸಿಕೊಟ್ಟದ್ದು ಎರಡು ಬೇರೆ ಪ್ರಶ್ನೆಗಳನ್ನು. ನಾನು ಚೆನ್ನಾಗಿದ್ದೇನೆಯೇ ಎಂಬುದಕ್ಕೆ ಉತ್ತರ ಅವಳದು. ಅದನ್ನು ತಿದ್ದುವ ಹಕ್ಕು ನನಗಾಗಲಿ ಯಾವ ಸಿದ್ಧಾಂತಕ್ಕಾಗಲಿ ಇಲ್ಲ. ಅವಳಿಗೆ ನಾವು ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಅವಳು ಕೊಟ್ಟ ಅಂಕದಲ್ಲಿ ಅದಕ್ಕೆ ಉತ್ತರವಿಲ್ಲ. ಅವಳ ತೃಪ್ತಿ ಅವಳು ಕಷ್ಟಪಟ್ಟು ಗಳಿಸಿದ್ದು. ಅದನ್ನು ನಮ್ಮ ಸಾಲ ತೀರಿದ್ದಕ್ಕೆ ರಸೀದಿ ಎಂದುಕೊಂಡರೆ ಅದು ಕಳ್ಳತನ. ರೋಗಿ ಧೈರ್ಯವಾಗಿದ್ದಷ್ಟೂ ಮನೆಯವರು, ಆಸ್ಪತ್ರೆ, ಸರ್ಕಾರ ಎಲ್ಲರೂ ಹಗುರಾಗುವುದು ಹೀಗೆಯೇ. ಒಗ್ಗಿಕೊಳ್ಳಬಲ್ಲವರಿಗೆ ಸಿಗುವುದು ಕಡಿಮೆ ಎಂದಾದರೆ, ಧೈರ್ಯವಂತರಿಗೆ ನಾವು ದಂಡ ಹಾಕಿದ ಹಾಗಾಯಿತು.

ಮುಂದಿನ ತಪಾಸಣೆಯಲ್ಲಿ ಬೆರಳ ಜೋಮಿನ ವಿಷಯವನ್ನು ಡಾಕ್ಟರಿಗೆ ನಾವೇ ಎತ್ತಿ ಹೇಳಿದೆವು. ಈಗ ಭಾನುವಾರಗಳಲ್ಲಿ ಆದಷ್ಟು ಊರಿಗೆ ಹೋಗುತ್ತೇನೆ. ಹೋಗುವ ಮುಂಚೆ ಫೋನು ಮಾಡಿ ಹೇಗಿದ್ದೀಯ ಎಂದು ಕೇಳುವುದನ್ನು ಬಿಟ್ಟಿಲ್ಲ; ಎಷ್ಟು ಬ್ಲೌಸಿಗೆ ಹುಕ್ ಬಾಕಿ ಇದೆ ಎಂದೂ ಕೇಳುತ್ತೇನೆ. ನನ್ನ ಹೊಲಿಗೆ ಸೊಟ್ಟ. ಅಕ್ಕ ಬೈದು ಬಿಚ್ಚಿಸುತ್ತಾಳೆ, ನಾನು ಮತ್ತೆ ಹಾಕುತ್ತೇನೆ.