ಬಿದ್ದ ಎತ್ತಿನ ಮೂಗುದಾರ

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ನಾನೊಬ್ಬ ಹುಡುಗನ ಮಣಿಕಟ್ಟು ಉಳುಕಿಸಿದೆ. ಮೂಳೆ ಮುರಿಯಲಿಲ್ಲ, ಅಷ್ಟು ಪುಣ್ಯ. ಆದರೆ ಮೂರು ವಾರ ಅವನು ಬಲಗೈಗೆ ಪಟ್ಟಿ ಸುತ್ತಿಕೊಂಡು ಎಡಗೈಯಲ್ಲಿ ಕೋಡ್ ಟೈಪ್ ಮಾಡಿದ. ಅವನೂ ನಮ್ಮ ಹಾಗೇ ಸಾಫ್ಟ್‌ವೇರಿನವನು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ನಡೆದದ್ದು ಇಷ್ಟು. ನಾನು ನಾಲ್ಕು ವರ್ಷ ಐಕಿಡೊ ಕಲಿತು, ಆಮೇಲೆ ಬ್ರೆಜಿಲಿಯನ್ ಜಿಯು-ಜಿತ್ಸುಗೆ ಬಂದವನು. ಐಕಿಡೊ ಬಹುಪಾಲು ನಿಂತು ಮಾಡುವ ವಿದ್ಯೆ. ಜಿಯು-ಜಿತ್ಸು ಬಹುಪಾಲು ನೆಲದ ಮೇಲೆ ಹೊರಳಾಡುವ ವಿದ್ಯೆ. ನಮ್ಮ ಕಡೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗೀತು. ಇಲ್ಲಿ ಆಟ ಶುರುವಾಗೋದೇ ಅಲ್ಲಿಂದ. ಕೈಯಲ್ಲಿ ಹಳೇ ಪಟ್ಟುಗಳಿದ್ದವು, ಎದುರಿಗೆ ಹೊಸ ಜಾಗ. ಹಳೇ ಕೋಡನ್ನು ಹೊಸ ಸಿಸ್ಟಮ್ಮಿಗೆ ಪೋರ್ಟ್ ಮಾಡೋ ಚಟ ಇರುವವನಿಗೆ ಇನ್ನೇನು ಬೇಕು?

ಐಕಿಡೊದಲ್ಲಿ ನಿಕ್ಯೊ ಅಂತ ಒಂದು ಪಟ್ಟಿದೆ. ಎದುರಾಳಿಯ ಮೊಣಕೈ ಬಗ್ಗಿಸಿ, ಅವನ ಅಂಗೈಯನ್ನು ನಮ್ಮ ಮೈಗೆ ಒತ್ತಿ ಹಿಡಿದು, ಮಣಿಕಟ್ಟನ್ನು ಮಡಿಸಿ ಕೆಳಕ್ಕೆ ಒತ್ತುವುದು. ಆವತ್ತು ಹುಡುಗ ಅಂಗಾತ ಬಿದ್ದಿದ್ದ, ನಾನು ಅವನ ಎದೆಯ ಮೇಲೆ ಅಡ್ಡಲಾಗಿದ್ದೆ. ನನ್ನನ್ನು ತಳ್ಳೋಕೆ ಅವನು ನನ್ನ ಭುಜಕ್ಕೆ ಅಂಗೈ ಕೊಟ್ಟ. ಅದನ್ನೇ ಕಾಯುತ್ತಿದ್ದವನ ಹಾಗೆ ಆ ಅಂಗೈಯನ್ನು ಅಲ್ಲೇ ಅಂಟಿಸಿ, ಮೊಣಕೈ ತಬ್ಬಿ ಹಿಡಿದು ಒತ್ತಿದೆ. ಸೊಗಸಾಗಿ ಕೂತಿತು. ಬಿಟ್ಟಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಟ್ಯಾಪ್ ಮಾಡಬಹುದಿತ್ತಲ್ಲ ಮಾರಾಯ?" ಅಂದೆ.

"ಯಾವ ಕೈಯಲ್ಲಿ ಅಣ್ಣ?" ಅಂದ. ಇನ್ನೊಂದು ಕೈ ನನ್ನ ಮಂಡಿ ಕೆಳಗೆ ಸಿಕ್ಕಿಕೊಂಡಿತ್ತು. "ಬಾಯಲ್ಲೂ ಹೇಳಿದೆ. ನಿಮ್ಮ ಭುಜ ನನ್ನ ಬಾಯಿ ಮೇಲಿತ್ತು."

ಗೊತ್ತಿಲ್ಲದವರಿಗೆ ಒಂದು ಮಾತು: ಟ್ಯಾಪ್ ಅಂದರೆ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿ "ಸಾಕು" ಅನ್ನೋದು. ತಟ್ಟಿದ ಕ್ಷಣ ಬಿಡಬೇಕು. ಈ ಆಟದ ನೀತಿಯೆಲ್ಲ ಅದರ ಮೇಲೇ ನಿಂತಿದೆ.

ಅವತ್ತಿನಿಂದ ಒಂದು ಪ್ರಶ್ನೆ ಕೊರೆಯತೊಡಗಿತು. ನಾಲ್ಕು ವರ್ಷದಲ್ಲಿ ನೂರಾರು ಜನಕ್ಕೆ ನಿಕ್ಯೊ ಹಾಕಿದ್ದೇನೆ, ಯಾರಿಗೂ ಏನೂ ಆಗಿರಲಿಲ್ಲ. ಕೈ ಅದೇ, ಪಟ್ಟು ಅದೇ, ಮನಸ್ಸಲ್ಲಿ ಕೆಟ್ಟದ್ದೂ ಇರಲಿಲ್ಲ. ಹಾಗಾದರೆ ಬದಲಾಗಿದ್ದೇನು?

ನೆಲ. ನಿಂತಾಗ ಕೀಲಿಗೆ ಪಟ್ಟು ಬಿದ್ದರೆ ಮೈ ತಾನಾಗಿಯೇ ದಾರಿ ಹುಡುಕುತ್ತೆ. ನಿಕ್ಯೊ ಬಿದ್ದವನು ಮಂಡಿಯೂರುತ್ತಾನೆ, ಒತ್ತಡ ಇಳಿಯುತ್ತೆ. ಕೊತೆಗಾಯೆಶಿ ಹಾಕಿ ಮಣಿಕಟ್ಟು ಹೊರಕ್ಕೆ ತಿರುಚಿದರೆ ಪಲ್ಟಿ ಹೊಡೆದು ಬೀಳುತ್ತಾನೆ, ಕೈ ಉಳಿಯುತ್ತೆ. ನೋವಿಗಿಂತ ಮುಂಚೆ ಕಾಲು ಓಡುತ್ತೆ. ನಾನು ಇಷ್ಟು ವರ್ಷ "ನನ್ನ ಕೈ ಮೃದು" ಅಂದುಕೊಂಡಿದ್ದೆನಲ್ಲ, ಆ ಮೃದುತ್ವದ ಅರ್ಧಭಾಗ ಅವರ ಕಾಲಿನದು. ಅವರು ಸರಿದು ಜಾಗ ಕೊಡುತ್ತಿದ್ದರು, ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ.

ನೆಲದ ಮೇಲೆ ಇದೆಲ್ಲ ತಿರುಗುಮುರುಗು. ಬೆನ್ನ ಹಿಂದೆ ಮ್ಯಾಟ್, ಎದೆಯ ಮೇಲೆ ನನ್ನ ಎಪ್ಪತ್ತೆಂಟು ಕೆಜಿ. ಭುಜ ಅಲುಗಲ್ಲ, ಸೊಂಟ ತಿರುಗಲ್ಲ. ನಿಂತಾಗ ಇಡೀ ಮೈಯಲ್ಲಿ ಹಂಚಿಹೋಗುತ್ತಿದ್ದ ಬಲವನ್ನೆಲ್ಲ ಈಗ ಒಂದು ಸಣ್ಣ ಕೀಲು ತಡೆದುಕೊಳ್ಳಬೇಕು. ಅದರಲ್ಲೂ ಮಣಿಕಟ್ಟಿನಲ್ಲಿ ನೋವು ಶುರುವಾಗೋದಕ್ಕೂ ಪೆಟ್ಟಾಗೋದಕ್ಕೂ ನಡುವಿನ ಅಂತರ ತೀರಾ ಕಮ್ಮಿ. ಐಬಿಜೆಜೆಎಫ್ ನಿಯಮದ ಸ್ಪರ್ಧೆಗಳಲ್ಲಿ ಬಿಳಿ ಬೆಲ್ಟಿನವರಿಗೆ ಮಣಿಕಟ್ಟಿನ ಪಟ್ಟೇ ನಿಷಿದ್ಧ. ನನ್ನದು ನೀಲಿ ಬೆಲ್ಟು, ಆ ಹುಡುಗನದು ಬಿಳಿ. ಆ ನಿಯಮ ನನಗೆ ಗೊತ್ತೂ ಇತ್ತು.

ಜೂಡೋದವರು ಇದನ್ನು ಇನ್ನೂ ಖಡಕ್ಕಾಗಿ ಹೇಳಿದ್ದಾರೆ. ಸ್ಪರ್ಧೆಯಲ್ಲಿ ಮೊಣಕೈ ಬಿಟ್ಟು ಬೇರೆ ಕೀಲಿಗೆ ಪಟ್ಟು ಹಾಕುವ ಹಾಗಿಲ್ಲ. ಎದುರಾಳಿಯ ತೋಳನ್ನು ಕಂಕುಳಲ್ಲಿ ಅಮುಕಿ ಹಿಡಿಯುವ ವಾಕಿ-ಗತಾಮೆ ಅಂತ ಒಂದು ಪಟ್ಟಿದೆ. ಅದಕ್ಕೆ ಅನುಮತಿ ಉಂಟು. ಆದರೆ ಅದನ್ನು ಹಾಕುತ್ತಾ ನಿಂತಲ್ಲಿಂದ ನೇರ ನೆಲಕ್ಕೆ ಬಿದ್ದರೆ ನೀವು ಪಂದ್ಯದಿಂದಲೇ ಹೊರಗೆ. ಯಾಕೆ? ನೆಲ ಮುಟ್ಟುವಷ್ಟರಲ್ಲಿ ಎದುರಾಳಿಗೆ ಸೋಲೊಪ್ಪಿಕೊಳ್ಳೋಕೂ ಪುರುಸೊತ್ತು ಸಿಗಲ್ಲ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ತಾತ. ಊರಲ್ಲಿ ಎತ್ತಿಗೆ ಲಾಳ ಕಟ್ಟಿಸುವಾಗ ಅದನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿಯುತ್ತಿದ್ದರು. ನನಗೆ ಎಂಟೋ ಒಂಬತ್ತೋ ವರ್ಷ, ತಲೆ ಹತ್ತಿರ ಕೂತು ಮೂಗುದಾರ ಹಿಡಿಯುವ ಕೆಲಸ. ಎತ್ತು ಒದರಾಡಿದಾಗ ಹೊಲದಲ್ಲಿ ಎಳೆಯುವ ಹಾಗೇ ಜಗ್ಗಿದೆ. ತಾತ ತಲೆ ಮೇಲೊಂದು ಬಿಟ್ಟರು. "ಬುಡ್ಲಾ ಹಗ್ಗವ! ನಿಂತಿರೋ ಎತ್ತು ಎಳೆದ ಕಡೆ ಬತ್ತದೆ. ಬಿದ್ದಿರೋದು ಎಲ್ಲಿಗೆ ಬರಬೇಕ್ಲಾ?"

ಎಳೆತದ ಜೋರು ಎಷ್ಟು ಅನ್ನೋದಲ್ಲ ತಾತನ ಲೆಕ್ಕ. ಎಳೆಸಿಕೊಂಡವನಿಗೆ ಹೋಗೋಕೆ ಜಾಗ ಇದೆಯಾ ಅನ್ನೋದು.

"ಅವನೇ ಹೇಳಬಹುದಿತ್ತಲ್ಲ?" ಅನ್ನೋ ವಾದವನ್ನೂ ನೋಡೋಣ. 1951ರ ಅಕ್ಟೋಬರ್ 23ರಂದು ರಿಯೊ ಡಿ ಜನೈರೊದ ಮರಕಾನಾ ಸ್ಟೇಡಿಯಮ್ಮಿನಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಮತ್ತು ಬ್ರೆಜಿಲಿನ ಹೇಲಿಯೊ ಗ್ರೇಸಿ ಸೆಣಸಿದರು. ಕಿಮುರಾ ಎತ್ತಿ ಕೆಡವಿ, ನೆಲದ ಮೇಲೆ ಉದೆ-ಗರಾಮಿ ಹಿಡಿದರು. ತೋಳನ್ನು ಬಗ್ಗಿಸಿ ಬೆನ್ನ ಕಡೆಗೆ ತಿರುಚುವ ಪಟ್ಟು. ನಿಂತೂ ಹಾಕುವಂಥದ್ದೇ, ಆದರೆ ನಿಂತವನು ತಿರುಗಿ ತಪ್ಪಿಸಿಕೊಳ್ಳಬಹುದು. ಹೇಲಿಯೊಗೆ ತಿರುಗೋಕೆ ಜಾಗ ಇರಲಿಲ್ಲ. ತೋಳು ಮುರಿಯಿತು. ಆದರೂ ಅವರು ತಟ್ಟಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಪಟ್ಟಿಗೆ ಇವತ್ತಿಗೂ ಜಿಯು-ಜಿತ್ಸುವಿನಲ್ಲಿ ಕಿಮುರಾ ಅಂತಲೇ ಹೆಸರು. ಸೋತವರ ಕಡೆಯವರೇ ಗೌರವದಿಂದ ಇಟ್ಟದ್ದು.

ನಾನು ಕಿಮುರಾರನ್ನು ತಪ್ಪಿತಸ್ಥ ಅನ್ನಲಾರೆ. ಇಬ್ಬರೂ ಒಪ್ಪಿ ಇಳಿದಿದ್ದರು, ರೆಫರಿ ಇದ್ದರು, ಪಕ್ಕದಲ್ಲಿ ಟವೆಲ್ ಹಿಡಿದ ಅಣ್ಣನಿದ್ದ. ಹೇಲಿಯೊಗೆ ತಟ್ಟಲು ಇನ್ನೊಂದು ಕೈಯೂ ಇತ್ತು. ತಟ್ಟದೇ ಇದ್ದದ್ದು ಅವರ ಆಯ್ಕೆ. ನನ್ನ ಹುಡುಗನಿಗೆ ಇದರಲ್ಲಿ ಯಾವುದಿತ್ತು? "ಸಾಕು" ಅನ್ನೋ ಹಕ್ಕು ಕೊಟ್ಟಿದ್ದೇನೆ ಅಂತ ನಾನಂದುಕೊಂಡಿದ್ದೆ. ಅದನ್ನು ಬಳಸಬೇಕಾದ ಕೈಯ ಮೇಲೆ ಮಂಡಿಯೂರಿ ಕೂತಿದ್ದೂ ನಾನೇ.

ಇದು ಮ್ಯಾಟಿನ ಮೇಲಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅದೇ ತಿಂಗಳು ಆಫೀಸಲ್ಲಿ ರಿಲೀಸ್ ಇತ್ತು. ಟೀಮಿನ ಇಬ್ಬರನ್ನು ಒಂದೇ ಮಾತಲ್ಲಿ ಕೇಳಿದ್ದೆ: "ವೀಕೆಂಡ್ ಬರೋಕಾಗುತ್ತಾ? ಆಗದಿದ್ರೆ ಪರವಾಗಿಲ್ಲ, ಹೇಳು." ಹತ್ತು ವರ್ಷ ಅನುಭವ ಇದ್ದವನು "ಇಲ್ಲ ಗುರು, ಮಗಳ ಬರ್ತ್‌ಡೇ" ಅಂದು ಎದ್ದುಹೋದ. ಅವನಿಗೆ ಕಾಲಿತ್ತು, ಸರಿದ. ಪ್ರೊಬೇಷನ್ನಿನಲ್ಲಿದ್ದ ಹುಡುಗಿ "ಓಕೆ ಸರ್" ಅಂದಳು. ಎರಡೂ ದಿನ ಬಂದಳು. ಆ ಭಾನುವಾರ ಅವಳ ಅಕ್ಕನ ನಿಶ್ಚಿತಾರ್ಥ ಇತ್ತು ಅಂತ ಮುಂದಿನ ವಾರ ಕ್ಯಾಂಟೀನಿನಲ್ಲಿ ಬೇರೆಯವರಿಂದ ಗೊತ್ತಾಯ್ತು. ಕರೆದು ಕೇಳಿದೆ: "ಹೇಳಬಹುದಿತ್ತಲ್ಲಮ್ಮ?"

ಬಾಯಿಂದ ಮಾತು ಬಿದ್ದ ಮೇಲೆ ಇದನ್ನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು.

ಇಬ್ಬರಿಗೂ ಒಂದೇ ಥರ ಕೇಳಿದೆ, ಹಾಗಾಗಿ ನಾನು ನ್ಯಾಯವಾಗಿಯೇ ಇದ್ದೆ ಅಂತ ನಂಬಿದ್ದೆ. ಆದರೆ ಒಬ್ಬ ನಿಂತಿದ್ದ, ಇನ್ನೊಬ್ಬಳ ಕೈ ಪ್ರೊಬೇಷನ್ ಅನ್ನೋ ಮಂಡಿಯ ಕೆಳಗಿತ್ತು.

ಹಾಗಾದರೆ ನೆಲದ ಮೇಲೆ ಪಟ್ಟೇ ಹಾಕಬಾರದಾ? ಯಾರಿಗೂ ಕೆಲಸವೇ ಹೇಳಬಾರದಾ? ಹಾಗೇನಿಲ್ಲ. ಉತ್ತರ ಮತ್ತೆ ಪಟ್ಟಿನಲ್ಲೇ ಇದೆ. ನಿಂತು ಮಾಡುವಾಗ ಬೇಗ ಮಾಡಬೇಕು, ತಡ ಆದರೆ ಎದುರಾಳಿ ಜಾರಿಕೊಳ್ಳುತ್ತಾನೆ. ನೆಲದಲ್ಲಿ ಮೊದಲು ಸೊಂಟ, ಭುಜ, ಮೊಣಕೈ ಕಟ್ಟಿ ಆಮೇಲೆ ಮಣಿಕಟ್ಟಿಗೆ ಬರುತ್ತೇವೆ. ಅಷ್ಟು ಕಟ್ಟಿದ ಮೇಲೆ ಅವನೆಲ್ಲಿ ಓಡುತ್ತಾನೆ? ಬೇಕಾದಷ್ಟು ಸಮಯ ಇದೆ. ಇಷ್ಟಿಷ್ಟೇ ಒತ್ತಬಹುದು, ಮುಖ ನೋಡಬಹುದು, ಭುಜ ಸರಿಸಿ ಬಾಯಿಗೆ ಜಾಗ ಬಿಡಬಹುದು. ಹಿಡಿತ ಪೂರ್ತಿ ನನ್ನದಾಗಿರುವಾಗ ಅವಸರಕ್ಕೆ ಕಾರಣವೇ ಇಲ್ಲ. ಆದರೂ ಅವಸರ ಮಾಡಿದೆ ಅಂದರೆ ಅದು ನಿಂತಾಗಿನ ಅಭ್ಯಾಸ, ಇಲ್ಲವೇ ಬರೀ ಗೆಲ್ಲೋ ಚಪಲ. ನನ್ನದರಲ್ಲಿ ಎರಡೂ ಇದ್ದವು.

ಈಗ ನಾನು "ಆಗದಿದ್ರೆ ಹೇಳು" ಅನ್ನೋದನ್ನು ಬಿಟ್ಟಿದ್ದೇನೆ. ವೀಕೆಂಡ್ ಕೆಲಸ ಇದ್ದರೆ ಪ್ರೊಬೇಷನ್ನಿನಲ್ಲಿರುವವರ ಹೆಸರು ಪಟ್ಟಿಯಲ್ಲೇ ಹಾಕಲ್ಲ. ಬರೋರು ತಾವಾಗಿ ಹೆಸರು ಬರೆಯಲಿ. ದೊಡ್ಡ ಕ್ರಾಂತಿಯೇನಲ್ಲ. ರಿಲೀಸ್‌ಗಳೂ ನಿಂತಿಲ್ಲ.

ಮೊನ್ನೆ ಮ್ಯಾಟಿನ ಮೇಲೆ ಅದೇ ಹುಡುಗ ನನ್ನನ್ನು ಕೆಳಗೆ ಹಾಕಿ ಕಿಮುರಾ ಹಿಡಿದ. ಚೆನ್ನಾಗಿ ಕಲಿತಿದ್ದಾನೆ, ಬಿಡಿಸಿಕೊಳ್ಳೋಕಾಗಲಿಲ್ಲ. ತಿರುಚುತ್ತಾ ಬಂದವನು ಅರ್ಧಕ್ಕೆ ನಿಲ್ಲಿಸಿ ಕೇಳಿದ:

"ಅಣ್ಣ, ಇನ್ನೊಂದು ಕೈ ಫ್ರೀ ಇದೆಯಾ?"

ಇತ್ತು. ತಟ್ಟಿದೆ.