ಪರಾಧೀನರಲ್ಲದವರು ಯಾರು?

ಆರಾಧನೆ, ಜಯಂತಿ, ಚಾತುರ್ಮಾಸ್ಯಗಳ ನಿಮಿತ್ತ ನಡೆಯುವ ಪ್ರವಚನಗಳಲ್ಲಿ ದಾನದ ಮಹಿಮೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅನ್ನದಾನ, ಗೋದಾನ, ವಿದ್ಯಾದಾನಗಳ ಫಲವನ್ನು ಮನೆಯ ಮಕ್ಕಳೂ ಹೇಳಬಲ್ಲರು. ಆದರೆ ಕೊಡುವವನ ಫಲದ ಬಗ್ಗೆ ಇಷ್ಟೊಂದು ಕೇಳಿದ ನಾವು, ಪಡೆಯುವವನ ಮನಸ್ಸಿನ ಸ್ಥಿತಿಯನ್ನು ಕುರಿತು ವಿಚಾರಿಸುವುದು ಕಡಿಮೆ. ಅಂಗವೈಕಲ್ಯದಿಂದಲೋ ದೀರ್ಘವ್ಯಾಧಿಯಿಂದಲೋ ದುಡಿಯಲಾರದೆ ಮನೆಯಲ್ಲಿರುವವರಿಗೆ ನಾವು ಕೊಡುವುದು ದಾನವೋ, ತೀರಿಸಬೇಕಾದ ಋಣವೋ? ಅವರು ಸರಕಾರದ ಮಾಸಾಶನವನ್ನು ಪಡೆದರೆ ಅದು ಮನೆತನಕ್ಕೆ ಕುಂದೋ? ಈ ಪ್ರಶ್ನೆಗಳನ್ನು ಯಥಾಮತಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಅರ್ಚಕರಾಗಿದ್ದರು. ಅವರ ತಮ್ಮನಿಗೆ, ಅಂದರೆ ನಮ್ಮ ಕಾಕಾನಿಗೆ, ಮೂವತ್ತರ ಹೊತ್ತಿಗೆ ಎರಡೂ ಕಣ್ಣುಗಳ ದೃಷ್ಟಿ ಹೋಗಿತ್ತು. ಮಿರಜಿನ ವೈದ್ಯರಲ್ಲಿಗೆ ಹಲವು ಸಲ ಹೋಗಿಬಂದದ್ದೂ ನಿಷ್ಫಲವಾಯಿತು. ದೇವರಿಗೆ ಬೇಕಾದ ಹೂಬತ್ತಿ, ಗೆಜ್ಜೆವಸ್ತ್ರಗಳನ್ನೆಲ್ಲ ಕೈಯ ಸ್ಪರ್ಶದಿಂದಲೇ ಮಾಡುತ್ತಿದ್ದರು. ಹರಿಕಥಾಮೃತಸಾರದ ಸಂಧಿಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಮನೆಯಲ್ಲಿ ಅವರಿಗೆ ಊಟಕ್ಕೆ ಎಂದೂ ಕೊರತೆಯಾಗಲಿಲ್ಲ. ಆದರೆ ಮಂಗಳಾರತಿಯ ತಟ್ಟೆ ಬರುತ್ತಿರುವ ಸಪ್ಪಳ ಕೇಳಿದೊಡನೆ ಅವರು ಕಂಬದ ಹಿಂದೆ ಸರಿಯುತ್ತಿದ್ದರು. ಬಾಲಕನಾಗಿದ್ದ ನನಗೆ ಅದರ ಕಾರಣ ತಿಳಿದಿರಲಿಲ್ಲ. ತಟ್ಟೆಗೆ ಹಾಕಲು ಅವರ ಬಳಿ ಒಂದು ನಾಣ್ಯವೂ ಇರಲಿಲ್ಲ. ಅದಕ್ಕಾಗಿ ಪ್ರತಿಸಲವೂ ಅಣ್ಣನನ್ನು ಕೇಳಲು ಅವರಿಗೆ ಸಂಕೋಚವಾಗುತ್ತಿತ್ತು.

ಊರ ಶಾಲೆಯ ಮಾಸ್ತರರೊಬ್ಬರು ಮಾಸಾಶನದ ಅರ್ಜಿಯನ್ನು ತಂದುಕೊಟ್ಟಾಗ ನಮ್ಮ ಅಜ್ಜಿ ಒಪ್ಪಲಿಲ್ಲ. “ದೇವರ ಪೂಜೆ ಮಾಡೋ ಮನೆತನ. ಹೆತ್ತ ಮಗನಿಗೆ ಒಂದು ತುತ್ತು ಹಾಕಲಾರದೆ ಸರಕಾರದ ಮುಂದೆ ಕೈಯೊಡ್ಡಿದರು ಅಂತ ಮಂದಿ ಆಡಿಕೊಳ್ಳೋದಿಲ್ಲೇನು?” ಎಂದರು. ಅಜ್ಜಿ ನಿಷ್ಕರುಣಿಯಲ್ಲ, ಮಗನಿಗೆ ಬಡಿಸದೆ ತಾವು ಉಂಡವರಲ್ಲ. ಅವರ ಮಾತಿನಲ್ಲಿದ್ದುದು ಅಭಿಮಾನ. ಆ ಅಭಿಮಾನದಿಂದಾಗಿ ಅರ್ಜಿ ಎರಡು ವರ್ಷ ದೇವರಮನೆಯ ಗೂಡಿನಲ್ಲಿಯೇ ಉಳಿಯಿತು.

ಈ ಅಭಿಮಾನ ಶಾಸ್ತ್ರಸಮ್ಮತವೇ? ಮಹಾಭಾರತದ ಸಭಾಪರ್ವದಲ್ಲಿ ನಾರದರು ಇಂದ್ರಪ್ರಸ್ಥಕ್ಕೆ ಬಂದು ಧರ್ಮರಾಜನಿಗೆ ಕ್ಷೇಮಪ್ರಶ್ನೆಗಳ ರೂಪದಲ್ಲಿ ರಾಜಧರ್ಮವನ್ನೇ ಬೋಧಿಸುತ್ತಾರೆ. ಕೋಶ, ಸೈನ್ಯ, ಕೃಷಿಗಳ ಜೊತೆಗೆ, ಕುರುಡರು, ಮೂಕರು, ಕುಂಟರು, ಅಂಗಹೀನರು, ಬಂಧುಗಳಿಲ್ಲದವರು ಇವರನ್ನು ತಂದೆಯಂತೆ ಪಾಲಿಸುತ್ತಿರುವೆಯಾ ಎಂದೂ ಕೇಳುತ್ತಾರೆ. ರಾಜನ ಕೋಶದಿಂದ ಇಂಥವರ ಪೋಷಣೆಯಾಗುವುದು ಔದಾರ್ಯದ ಮಾತಲ್ಲ, ಆಳುವವನ ಧರ್ಮ ಎಂಬುದು ಇದರಿಂದ ಸ್ಪಷ್ಟ. ತಂದೆಯಿಂದ ಪಡೆಯುವ ಮಗನಿಗೆ ಭಿಕ್ಷುಕನೆಂಬ ಹೆಸರು ಬರುವುದಿಲ್ಲವಷ್ಟೆ?

ಮನೆಯವರ ಹೊಣೆಯನ್ನೂ ಶಾಸ್ತ್ರಗಳು ಬಿಟ್ಟಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ನಮ್ಮ ಭಾಗದ ಕುಟುಂಬಗಳ ಆಸ್ತಿವಿಭಾಗಕ್ಕೆ ಬಹುಕಾಲ ಆಧಾರವಾಗಿತ್ತು. ಅದರಂತೆ ಕುರುಡ, ಕುಂಟ, ಅಸಾಧ್ಯರೋಗಿ ಮೊದಲಾದವರಿಗೆ ಪಾಲಿಲ್ಲ. ಆದರೆ ಜೀವನಪರ್ಯಂತ ಅವರನ್ನು ಪೋಷಿಸಲೇಬೇಕು. ಚಿಕಿತ್ಸೆಯಿಂದ ದೋಷ ಹೋದರೆ ವಿಭಾಗವಾದ ಮೇಲೂ ಪಾಲುಂಟು. ಮನುವಾದರೋ, ಇಂಥವರಿಗೆ ಅನ್ನವಸ್ತ್ರಗಳನ್ನು ಕೊಡದವನು ಪತಿತನೆಂದೇ ಹೇಳಿದ್ದಾನೆ. ಪಾಲಿಲ್ಲವೆಂಬ ನಿಷೇಧವನ್ನು 1928ರ ಕಾಯಿದೆ ಬಹುಮಟ್ಟಿಗೆ ತೆಗೆದುಹಾಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ರೋಗ ಅಥವಾ ಅಂಗವೈಕಲ್ಯದ ಕಾರಣದಿಂದ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಲ್ಲವೆಂದು ವಿಧಿಸಿತು. ಹೀಗಿದ್ದರೂ ಇಂದಿಗೂ ಎಷ್ಟೋ ಮನೆಗಳಲ್ಲಿ ಹಳೆಯ ವಿಧಿಯ ಅರ್ಧಭಾಗ ಮಾತ್ರ ನಡೆಯುತ್ತಿದೆ. ಪಾಲು ಕೊಡದಿರುವುದು ನೆನಪಿದೆ, ಪೋಷಣೆ ಮರೆತುಹೋಗಿದೆ.

“ಅದು ಅವನ ಪ್ರಾರಬ್ಧ, ಅನುಭವಿಸಿಯೇ ತೀರಬೇಕು” ಎಂದು ಹೇಳುವವರುಂಟು. ಶ್ರೀ ಜಗನ್ನಾಥದಾಸರ ಚರಿತ್ರೆ ಅವರಿಗೆ ಅಪರಿಚಿತವಲ್ಲ. ಮಾನವಿಯ ಪಂಡಿತ ಶ್ರೀನಿವಾಸಾಚಾರ್ಯರು ಶ್ರೀ ವಿಜಯದಾಸರನ್ನು ಅವಮಾನಿಸಿ ಘೋರವ್ಯಾಧಿಗೆ ತುತ್ತಾದರೆಂದು ಸಂಪ್ರದಾಯ ಹೇಳುತ್ತದೆ. ಶರಣು ಬಂದ ಅವರನ್ನು ವಿಜಯದಾಸರು ಶ್ರೀ ಗೋಪಾಲದಾಸರಲ್ಲಿಗೆ ಕಳುಹಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು. ರೋಗಕ್ಕೆ ರೋಗಿಯ ಅಪರಾಧವೇ ಕಾರಣವೆಂದು ತಿಳಿದಿದ್ದಾಗಲೂ ಆ ಮಹಾತ್ಮರು ಪ್ರಾರಬ್ಧದ ಮಾತನ್ನಾಡಿ ಸುಮ್ಮನಾಗಲಿಲ್ಲ. ಆ ದಾನದ ಫಲವಾಗಿಯೇ ಹರಿಕಥಾಮೃತಸಾರ ನಮಗೆ ದೊರೆಯಿತು. ಹಾಗಿರುವಾಗ, ಇನ್ನೊಬ್ಬರ ಪೂರ್ವಜನ್ಮದ ಲೆಕ್ಕವನ್ನರಿಯದ ನಾವು ಅದನ್ನು ನೆಪಮಾಡಿಕೊಂಡು ಕೈ ಬಿಗಿಹಿಡಿಯುವುದು ಉಚಿತವೇ? ಇನ್ನೊಬ್ಬನ ಪ್ರಾರಬ್ಧ ನನ್ನ ಕರ್ತವ್ಯವನ್ನು ಅಳಿಸಲಾರದು.

ಇನ್ನು ಪರಾಧೀನತೆಯ ಮಾತು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಅಸ್ವತಂತ್ರ. ಮುಖ್ಯಪ್ರಾಣದೇವರು ಪ್ರತಿಯೊಂದು ದೇಹದಲ್ಲಿದ್ದು ದಿನಕ್ಕೆ 21,600 ಸಲ ಹಂಸಮಂತ್ರವನ್ನು ಜಪಿಸುತ್ತಾರೆಂದು ನಾವು ನಂಬಿದ್ದೇವೆ. ಕಣ್ಣಿಲ್ಲದವನ ದೇಹದಲ್ಲಿ ಆ ಸಂಖ್ಯೆಯೇನೂ ಕಡಿಮೆಯಾಗುವುದಿಲ್ಲ. ಒಂದು ಉಸಿರಿಗೂ ಸ್ವಾತಂತ್ರ್ಯವಿಲ್ಲದ ನಾವು, ಊರುಗೋಲು ಹಿಡಿದವನನ್ನು ಮಾತ್ರ ಪರಾವಲಂಬಿಯೆಂದು ಕರೆಯುವುದು ಸಿದ್ಧಾಂತವನ್ನು ಮರೆತ ಮಾತು.

ಲೌಕಿಕದಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ನಾವೆಲ್ಲ ಬಲ್ಲೆವು. 1976ರ ಕಾಯಿದೆಯಂತೆ ಬೀಡಿಯ ಮೇಲೆ ಸಾವಿರಕ್ಕೆ ಇಂತಿಷ್ಟೆಂದು ಕರ ಎತ್ತಿ, ಆ ಕಾರ್ಮಿಕರ ಚಿಕಿತ್ಸೆ ಮುಂತಾದ ಕಲ್ಯಾಣಕಾರ್ಯಗಳಿಗೆ ನಿಧಿಯನ್ನು ಸ್ಥಾಪಿಸಲಾಯಿತು. ಸರಕು ಮತ್ತು ಸೇವಾ ತೆರಿಗೆ ಬಂದ 2017ರಲ್ಲಿ ಆ ಕರ ನಿಂತಿತು, ತತ್ತ್ವ ನಿಲ್ಲುವಂಥದಲ್ಲ. ಕ್ಷಯದಿಂದ ಕೆಮ್ಮುವ ತಾಯಿಗೆ ಆ ನಿಧಿಯಿಂದ ಔಷಧ ದೊರೆತರೆ ಅದು ಅವಳ ಕೈದುಡಿಮೆಯೇ ಅವಳಿಗೆ ಮರಳಿದಂತೆ. ಹಾಗೆಯೇ ನಾಡಿನ ಬೊಕ್ಕಸವೂ ಎಲ್ಲರ ದುಡಿಮೆಯಿಂದ ತುಂಬಿದುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗಣಿಸಿ, ಇಂಥವರಿಗೆ ಕೊಡುವ ಸಹಾಯಧನ ಇತರರಿಗೆ ಇರುವ ಅಂಥದೇ ಯೋಜನೆಗಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದು ಹೇಳಿದೆ. ಕುಂಟನ ಬದುಕಿಗೆ ಖರ್ಚು ಹೆಚ್ಚು ಎಂಬ ಸತ್ಯವನ್ನು ಅದು ಗುರುತಿಸಿದೆ. ಆದರೆ ಮೊತ್ತಗಳು ಅಲ್ಪವೇ ಸರಿ. ಕೇಂದ್ರದ ಯೋಜನೆಯಲ್ಲಿ ಶೇಕಡಾ 80ರಷ್ಟು ವೈಕಲ್ಯವುಳ್ಳ ಬಡವನಿಗೆ 2012ರಲ್ಲಿ ನಿಗದಿಯಾದುದು ತಿಂಗಳಿಗೆ 300 ರೂಪಾಯಿ. ನಮ್ಮ ರಾಜ್ಯದಲ್ಲಿ ಶೇಕಡಾ 40ರಿಂದ 75ರವರೆಗಿನ ವೈಕಲ್ಯಕ್ಕೆ ಕೊಡುತ್ತಿದ್ದ 600 ರೂಪಾಯಿ 2021ರಲ್ಲಿ 800 ಆಯಿತು. ಆದ್ದರಿಂದ ಮಾಸಾಶನ ಬಂದಿತೆಂದು ಮನೆಯವರು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಇಷ್ಟು ಅಲ್ಪ ಹಣದಿಂದ ಆಗುವುದೇನು? ನಮ್ಮ ಮನೆಯಲ್ಲಿ ಆದುದನ್ನು ಹೇಳುತ್ತೇನೆ. ತಂದೆಯವರು ಕೊನೆಗೆ ಅಜ್ಜಿಯನ್ನು ಒಪ್ಪಿಸಿದರು. ಕೆಲವು ತಿಂಗಳ ಮೇಲೆ ಅಂಚೆಯವನು ಬಾಗಿಲಲ್ಲಿ ನಿಂತು ಕಾಕಾನ ಹೆಸರು ಹಿಡಿದು ಕರೆದ. ಆ ಬಾಗಿಲಿಗೆ ಬಂದು ಅವರ ಹೆಸರನ್ನು ಕೇಳಿದವರು ಎಷ್ಟೋ ವರ್ಷಗಳಿಂದ ಯಾರೂ ಇರಲಿಲ್ಲ. ಅಂದು ಸಂಜೆ ಗುಡಿಯಲ್ಲಿ ಕಾಕಾ ಕಂಬದ ಹಿಂದೆ ಸರಿಯಲಿಲ್ಲ. “ಆರತಿ ತಟ್ಟಿ ನನ್ನ ಕಡೆ ತಾರಪಾ” ಎಂದು ನನ್ನನ್ನೇ ಕರೆದರು. ಎರಡು ರೂಪಾಯಿಯ ನಾಣ್ಯವನ್ನು ಬೆರಳಿನಿಂದ ಗುರುತಿಸಿ ತಟ್ಟೆಯಲ್ಲಿಟ್ಟರು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು.

ದಾನವು ಗೃಹಸ್ಥನಿಗಿರುವ ಸಾಧನ. ಒಬ್ಬನಿಗೆ ಕೇವಲ ಅನ್ನವನ್ನಿಕ್ಕಿ, ಕೈಯಲ್ಲಿ ಕಾಸಿಲ್ಲದಂತೆ ಇರಿಸಿದರೆ ಅವನ ಆ ಸಾಧನವನ್ನೇ ಕಸಿದುಕೊಂಡಂತಾಗುತ್ತದೆ. ಅವನೂ ಕೊಡುವಂತಾದಾಗಲೇ ನಮ್ಮ ಸಹಾಯ ಪೂರ್ಣವಾಗುತ್ತದೆಂದು ನನ್ನ ತಿಳುವಳಿಕೆ.

ಆದುದರಿಂದ ಆಸ್ತಿಕ ಬಾಂಧವರಲ್ಲಿ ವಿನಂತಿ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳಲ್ಲಿ ನಮ್ಮ ಮನೆಗಳ ಆಸುಪಾಸಿನಲ್ಲಿಯೇ ನಾಡಕಚೇರಿಯ ದಾರಿ ತಿಳಿಯದವರು ಇದ್ದಾರೆ. ವೈಕಲ್ಯದ ಪ್ರಮಾಣಪತ್ರಕ್ಕಾಗಿ ಬೆಳಗಾವಿಯವರೆಗೆ ಹೋಗಬೇಕಾಗಿ ಬಂದರೆ, ಅಥಣಿಯ ಕಡೆಯವರಿಗೆ ಅದು ನೂರು ಕಿಲೋಮೀಟರಿಗೂ ಮಿಗಿಲಾದ ಪ್ರಯಾಣ. ಜೊತೆಗೆ ಬರುವವನ ಕೂಲಿಯೂ ಹೋಗುತ್ತದೆ. ಅಂಥವರೊಡನೆ ಒಂದು ದಿನ ಹೋಗಿಬರುವುದು ತೀರ್ಥಯಾತ್ರೆಗೆ ಕಡಿಮೆಯಲ್ಲ. ಮಾಸಾಶನಕ್ಕೆ ಆದಾಯದ ಮಿತಿಯುಂಟು. ಉಳ್ಳವರು ಸುಳ್ಳು ಪತ್ರದಿಂದ ಅದನ್ನು ಪಡೆದರೆ ಇನ್ನೊಬ್ಬ ಕುರುಡನ ತುತ್ತನ್ನು ಕದ್ದಂತೆ. ಬಂದ ಹಣವನ್ನು ಮನೆಯ ಖರ್ಚಿಗೆ ಸೇರಿಸಿಕೊಳ್ಳದೆ, ಯಾರ ಹೆಸರಿನಲ್ಲಿ ಬಂದಿದೆಯೋ ಅವರ ಕೈಗೇ ಕೊಡಬೇಕು. ಮುಂದಿನ ಉತ್ಸವದಲ್ಲಿ ಮಂಗಳಾರತಿಯ ತಟ್ಟೆ ಹಿಡಿದು ಬರುವವರು ಕಂಬದ ಹಿಂದೆಯೂ ಒಮ್ಮೆ ನೋಡಲಿ.

ಶ್ರೀಕೃಷ್ಣಾರ್ಪಣಮಸ್ತು.